ಮೂವತ್ತು ಪೈಸೆಯ ತಕರಾರು

ಕಲಬುರಗಿಯ ಮೋಮಿನಪುರದಲ್ಲಿ ಬೆಳೆಯುವ ಮಗುವಿಗೆ ಅರ್ಧ ಕಿಲೊ ತೊಗರಿಬೇಳೆಯ ಬೆಲೆ ಹೇಳಲು ಪೆನ್ಸಿಲ್ ಬೇಕಿಲ್ಲ. ಶಾಲೆ ಈ ತಿಳಿವಳಿಕೆಯನ್ನೇ ಹಿಡಿದು ಅಡ್ಡ ಗುಣಾಕಾರ ಕಲಿಸುತ್ತದೆ. ತೊಡಕಿರುವುದು ಕಲಿಸುವ ಕ್ರಮದಲ್ಲಿ. ಎರಡು ರಾಶಿಗಳ ನಡುವೆ ನೇರ ಅನುಪಾತ ಇದೆಯೇ ಎಂದು ಕೇಳುವ ಮೊದಲೇ, ಇದೆ ಎಂದು ಒಪ್ಪಿಕೊಂಡು ಲೆಕ್ಕ ಶುರುವಾಗುತ್ತದೆ. ಅಧ್ಯಾಯದ ತಲೆಬರಹವೇ ಉತ್ತರ ಹೇಳುತ್ತಿರುವಾಗ ಮಗುವಾದರೂ ಯಾಕೆ ಅನುಮಾನಿಸಬೇಕು? ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಪ್ರತಿಸಲವೂ ಅದೇ ಸಂಖ್ಯೆ ಬಂದರೆ ಮಾತ್ರ ಅದು ನೇರ ಅನುಪಾತ. 20 ಡಿಗ್ರಿ ಸೆಲ್ಸಿಯಸ್ ಎಂದರೆ 68 ಫ್ಯಾರನ್‌ಹೀಟ್. ಕಲಬುರಗಿಯ ಬೇಸಿಗೆಗೆ ಮಾಮೂಲಾದ 40 ಡಿಗ್ರಿ ಎಂದರೆ 136 ಅಲ್ಲ, 104. ಫ್ಯಾರನ್‌ಹೀಟಿಗೆ ಬದಲಿಸುವಾಗ ಕೂಡಿಸುವ 32 ಎಲ್ಲವನ್ನೂ ಕೆಡಿಸಿತು.

ಹಾಗಾದರೆ ಕೂಡುವ ಚಿಹ್ನೆ ಕಂಡ ಕೂಡಲೇ ಅನುಪಾತವಿಲ್ಲ ಎಂದುಬಿಡೋಣವೇ? ಅದೂ ಆಗದು. ಬೆಂಗಳೂರಿನಲ್ಲಿ 2013ರ ಆಟೊ ದರ ಮೊದಲ 1.9 ಕಿಲೊಮೀಟರಿಗೆ 25 ರೂಪಾಯಿ, ಆಮೇಲೆ ಕಿಲೊಮೀಟರಿಗೆ 13. ಬಿಡಿಸಿ ಬರೆದರೆ ಬಾಡಿಗೆ = 13 × ದೂರ + 0.30. ಆ ಮೂವತ್ತು ಪೈಸೆಯಿಂದಾಗಿ ಅನುಪಾತ ತಪ್ಪಿತು. 2025ರ ಆಗಸ್ಟಿನ ದರ ಮೊದಲ 2 ಕಿಲೊಮೀಟರಿಗೆ 36, ಆಮೇಲೆ 18. ಸಮೀಕರಣ ನೋಡಲು ಅದೇ ಥರ: 36 + 18 × (ದೂರ − 2). ಆದರೆ ಆವರಣ ಬಿಡಿಸಿದರೆ 36 ಹೋಗಿ 36ಕ್ಕೆ ಸರಿಯಾಗುತ್ತದೆ, ಉಳಿಯುವುದು 18 × ದೂರ ಮಾತ್ರ. ಎರಡು ಕಿಲೊಮೀಟರ್ ದಾಟಿದ ಮೇಲೆ ಅದು ಅಪ್ಪಟ ನೇರ ಅನುಪಾತ, ಅದಕ್ಕಿಂತ ಹತ್ತಿರದ ಸವಾರಿಗೆ ಅಲ್ಲ. ಮೇಲ್ನೋಟವನ್ನು ನಂಬುವಂತಿಲ್ಲ, ಒಂದು ಸೊನ್ನೆಯಾದಾಗ ಇನ್ನೊಂದೂ ಸೊನ್ನೆಯೇ ಎಂಬ ಪರೀಕ್ಷೆಯೂ ಸಾಲದು. ಚೌಕದ ಬಾಹು ಸೊನ್ನೆಯಾದರೆ ವಿಸ್ತೀರ್ಣವೂ ಸೊನ್ನೆಯೇ; ಆದರೂ ಬಾಹು ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕು ಪಟ್ಟು.

ಇಷ್ಟೆಲ್ಲ ಯಾಕೆ, ವಿಧಾನ ಗೊತ್ತಿದ್ದರೆ ಅಂಕ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ನಿಜ. ಪಾಠ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರನ್ನು ದೂರಿ ಫಲವಿಲ್ಲ. ಆದರೆ ಮೊದಲು ಅನುಪಾತದ ಬಗೆ ಗುರುತಿಸು, ಆಮೇಲೆ ಗುಣಿಸು ಎಂಬುದು ಹೊಸ ಬೇಡಿಕೆಯಲ್ಲ. ಕಲಬುರಗಿ ಜಿಲ್ಲೆಯದೇ ಆದ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕದ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ, ಸೂತ್ರ ಹೇಳುವಾಗಲೇ ಅನುಪಾತ ವ್ಯಸ್ತವಾದಲ್ಲಿ, ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಇಳಿಯುವಲ್ಲಿ, ಕ್ರಮ ತಿರುವಬೇಕೆಂದೂ ಹೇಳುತ್ತಾನೆ. ಯಾವ ಕ್ರಮ ಎಂಬುದನ್ನು ಲೆಕ್ಕ ಮಾಡುವವನೇ ನಿರ್ಧರಿಸಬೇಕು.

ನಿಜವಾದ ಬಾಳಿನಲ್ಲಿ ಯಾವುದೂ ಅಷ್ಟು ಶುದ್ಧ ಅನುಪಾತದಲ್ಲಿಲ್ಲ, ಮತ್ತೇಕೆ ಈ ಗುರುತಿಸುವ ಗೊಡವೆ ಎಂಬ ಆಕ್ಷೇಪಕ್ಕೆ ತೂಕ ಹೆಚ್ಚು. ಇಲ್ಲದಿರುವುದರಿಂದಲೇ ಗುರುತಿಸಬೇಕು. 2025–26ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಬೆಲೆ ತೂಕದ ನೇರ ಅನುಪಾತದಲ್ಲಿದೆ. ಆದರೆ ಎಷ್ಟೇ ಚೀಲವಿರಲಿ ಗಾಡಿ ಬಾಡಿಗೆ 1,000 ಎಂದಿಟ್ಟುಕೊಳ್ಳಿ. ಎರಡು ಕ್ವಿಂಟಲ್ ತಂದವನ ಕೈಗೆ ಕ್ವಿಂಟಲಿಗೆ 7,500 ಉಳಿಯುತ್ತದೆ, ನಾಲ್ಕು ತಂದವನಿಗೆ 7,750. ಸಣ್ಣ ಹಿಡುವಳಿಯವನು ಕಳೆದುಕೊಂಡ ಆ 250 ರೂಪಾಯಿ ಅಡ್ಡ ಗುಣಾಕಾರದ ಕಣ್ಣಿಗೆ ಬೀಳುವುದಿಲ್ಲ.