ಮಾಲ್ಡನ್ನಿನ ಹಿತ್ತಿಲ ದೋಣಿಗಳು

ಲಂಡನ್ ನಗರದಿಂದ ಈಶಾನ್ಯಕ್ಕೆ ಸುಮಾರು 40 ಮೈಲಿಗಳ ದೂರದಲ್ಲಿ, ಬ್ಲ್ಯಾಕ್‌ವಾಟರ್ ನದಿಯ ಅಳಿವೆಯ ತಲೆಯ ಮೇಲೆ, ದಿಬ್ಬವನ್ನೇರಿ ಕುಳಿತಿದೆ ಮಾಲ್ಡನ್ ಪಟ್ಟಣ. ಹರಳುಪ್ಪಿಗೆ ಹೆಸರಾದ ಊರು. ಪ್ರವಾಸಿಗಳು ಸಾಮಾನ್ಯವಾಗಿ ಹೈತ್ ಕಟ್ಟೆಯವರೆಗೆ ಇಳಿದು, ಅಲ್ಲಿ ಒರಗಿ ನಿಂತ ಕೆಂಗಂದು ಹಾಯಿಯ ಹಳೆಯ ಥೇಮ್ಸ್ ಬಾರ್ಜುಗಳ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಊರಿನ ನಿಜವಾದ ನೌಕಾಶಾಲೆಯನ್ನು ಕಾಣಬೇಕೆಂಬುವರು ಕಟ್ಟೆಯನ್ನು ಬಿಟ್ಟು ಓಣಿಗಳಲ್ಲಿ ತಿರುಗಬೇಕು. ಚಳಿಗಾಲದ ತಿಂಗಳುಗಳಲ್ಲಿ ಮನೆಗಳ ಪಕ್ಕದ ಅಂಗಳಗಳಲ್ಲಿ, ತರಕಾರಿ ಮಡಿಗಳ ಅಂಚಿನಲ್ಲಿ, ತಾಡಪಾಲು ಹೊದ್ದ ಚಿಕ್ಕ ಹಾಯಿದೋಣಿಗಳು ಅಲ್ಲಲ್ಲಿ ಮರದ ಆಸರೆಗಳ ಮೇಲೆ ನಿಂತಿರುತ್ತವೆ. ತಾಡಪಾಲಿನ ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿರುತ್ತದೆ.

ಕಾರವಾರ, ಮಂಗಳೂರುಗಳ ಕಡಲನ್ನು ಕಂಡವರಿಗೆ ಇಲ್ಲಿಯ ಉಬ್ಬರವಿಳಿತಗಳು ಸೋಜಿಗವೇ ಸರಿ. ದೊಡ್ಡ ಉಬ್ಬರದ ದಿನಗಳಲ್ಲಿ ನೀರು ನಾಲ್ಕು ಮೀಟರಿಗಿಂತಲೂ ಹೆಚ್ಚು ಏರಿ ಇಳಿಯುತ್ತದೆ. ಆರು ಗಂಟೆಗಳ ಹಿಂದೆ ಅಲೆಗಳಿದ್ದಲ್ಲಿ ಕಣ್ಣು ಹಾಯುವವರೆಗೆ ಬೂದುಬಣ್ಣದ ಹೊಳೆಯುವ ಕೆಸರು. ಅದರ ನಡುವೆ ಹಾವಿನಂತೆ ಹರಿದ ಸಣ್ಣ ಕಾಲುವೆ. ಸಮೀಪದ ನಾರ್ದಿ ದ್ವೀಪಕ್ಕೆ ಹೋಗುವ ದಾರಿಯೂ ಉಬ್ಬರದಲ್ಲಿ ಮುಳುಗಿಹೋಗುತ್ತದೆ. ಕ್ರಿ. ಶ. 991ರಲ್ಲಿ ನಾರ್ಸ್ ಕಡಲಗಳ್ಳರು ಹಡಗುಗಳಲ್ಲಿ ಬಂದು, ನಾಡಿನ ಒಡೆಯ ಬಿರ್ತ್‌ನೋತನನ್ನು ಕೊಂದು ಗೆದ್ದ ಕದನ ಈ ಕೆಸರಿನ ಅಂಚಿನಲ್ಲಿ ನಡೆಯಿತು. ಆ ಕದನವನ್ನು ಕುರಿತ ಹಳೆಯ ಇಂಗ್ಲಿಷ್ ಕಾವ್ಯ ಆದಿಯೂ ಇಲ್ಲದೆ ಅಂತ್ಯವೂ ಇಲ್ಲದೆ ಉಳಿದುಬಂದಿದೆ.

ದೋಣಿಯ ತಳದಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಯ್ದ ಬೆನ್ನೆಲುಬಿಗೆ ಇಂಗ್ಲಿಷಿನಲ್ಲಿ ‘ಕೀಲ್’ ಎಂದು ಹೆಸರು. ಆ ಶಬ್ದ ನಾರ್ಸ್ ಜನರ ನುಡಿಯಿಂದಲೇ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ‘ಕೀಲು’ ಸಂಸ್ಕೃತದ ‘ಕೀಲ’ದಿಂದ ಬಂದ ಬೇರೆಯೇ ಶಬ್ದ, ಅದಕ್ಕೆ ಗೂಟ, ಸಂಧಿ ಎಂಬ ಅರ್ಥಗಳಿವೆ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಈಗಿನ ದೋಣಿಗಳಲ್ಲಿ ‘ಕೀಲ್’ ನಿಂತಿರುವುದು ಕೀಲುಗಳ ಆಧಾರದಿಂದಲೇ ಎಂಬುದು ವಿನೋದದ ಸಂಗತಿ. ನಾರ್ಸ್ ಹಡಗಿನ ಕೀಲ್ ಮರದ ತೊಲೆ. ಈಗಿನ ಚಿಕ್ಕ ಹಾಯಿದೋಣಿಗಳಲ್ಲಿ ಬಹುಮಟ್ಟಿಗೆ ಅದು ಬೀಡುಕಬ್ಬಿಣದ ಭಾರವಾದ ಹಲಗೆ. ಎಷ್ಟೋ ವೇಳೆ ಇಡೀ ದೋಣಿಯ ತೂಕದಲ್ಲಿ ಮೂರನೆಯ ಒಂದು ಪಾಲು ಇದರದೇ. ಗಾಳಿ ಹಾಯಿಯನ್ನು ಹಿಡಿದು ದೋಣಿಯನ್ನು ಮಗುಚಲು ನೋಡಿದರೆ, ನೀರಿನಡಿಯ ಈ ಭಾರ ಅದನ್ನು ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ಅದನ್ನು ಒಡಲಿಗೆ ಹಿಡಿದಿರುವುದು ಕೆಲವೇ ಬೋಲ್ಟುಗಳು.

ಕೆಸರಿನ ಈ ಅಳಿವೆಗಳಲ್ಲಿ ಒಂಟಿ ಕೀಲಿನ ದೋಣಿ ಇಳಿತದ ಹೊತ್ತಿಗೆ ಮಗ್ಗುಲಾಗಿ ಬಿದ್ದುಕೊಳ್ಳುತ್ತದೆ. ಎರಡು ಬದಿಗೂ ಒಂದೊಂದು ಗಿಡ್ಡ ಕೀಲ್ ಇಟ್ಟರೆ ಹಸುವಿನಂತೆ ಕಾಲೂರಿ ನಿಲ್ಲುತ್ತದೆ. ಇಂಥ ಆಳವಿಲ್ಲದ ದೋಣಿಗಳ ಹಿರಿಯ ಪ್ರತಿಪಾದಕ ಮಾರಿಸ್ ಗ್ರಿಫಿತ್ಸ್ (1902–1997). ‘ಯಾಟಿಂಗ್ ಮಂತ್ಲಿ’ ಪತ್ರಿಕೆಯನ್ನು 1967ರವರೆಗೆ ಸುಮಾರು 40 ವರ್ಷ ಸಂಪಾದಿಸಿದ ಈತ, 1950ರ ದಶಕದಲ್ಲಿ ‘ಈವೆಂಟೈಡ್’ ಎಂಬ 24 ಅಡಿಯ ದೋಣಿಯ ನಕ್ಷೆಯನ್ನು ಮನೆಯಲ್ಲೇ ದೋಣಿ ಕಟ್ಟಿಕೊಳ್ಳುವ ಸಾಮಾನ್ಯರಿಗಾಗಿ ರಚಿಸಿದನು. ಹಾಯಿದೋಣಿ ಸಿರಿವಂತರ ಸೊತ್ತೆಂಬ ಭಾವನೆಯನ್ನು ಇಂಥ ನಕ್ಷೆಗಳು ಎಷ್ಟೋ ಸಡಿಲಿಸಿದವು. ಆದರೆ ಕಟ್ಟಿದವನಿಗೆ ದುರಸ್ತಿಯ ಹೊಣೆಯೂ ತಪ್ಪದು. ದೋಣಿಯಂಗಡಿಗೆ ಕೊಡುವಷ್ಟು ಹಣ ಕೈಯಲ್ಲಿಲ್ಲದ ಗೃಹಸ್ಥ ತಾನೇ ತೋಳು ಮಡಿಸಬೇಕು.

ಉಪ್ಪುನೀರಿಗೂ ಬೀಡುಕಬ್ಬಿಣಕ್ಕೂ ಹುಟ್ಟುವೈರ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಬಣ್ಣದ ಅಡಿಯಲ್ಲಿ ಉಬ್ಬಿ ಅದನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಆ ಚಕ್ಕೆಗಳನ್ನು ಸುತ್ತಿಗೆಯಿಂದ ಉದುರಿಸಿ, ತಿರುಗುವ ತಂತಿಬ್ರಷ್ಷಿನಿಂದ ಲೋಹ ಬೆಳ್ಳಗೆ ಹೊಳೆಯುವವರೆಗೂ ಉಜ್ಜಬೇಕು. ಹಳೆಯ ಬಣ್ಣದ ಧೂಳು ವಿಷ. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಬೇಕೇಬೇಕು. ಇಷ್ಟಾದ ಮೇಲೆ ಚಹಾ ಕುಡಿದು ಬರುವೆನೆಂದು ಒಳಗೆ ಹೋಗಿ ಹರಟೆಗೆ ಕುಳಿತರೆ ಕೆಲಸ ಕೆಟ್ಟಂತೆಯೇ. ಎಸೆಕ್ಸಿನ ತೇವದ ಗಾಳಿಯಲ್ಲಿ ಬರಿಯ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪೇರುತ್ತದೆ. ಒಡನೆಯೇ ಎಪಾಕ್ಸಿ ಬಣ್ಣದ ಮೊದಲ ಲೇಪ ಬೀಳಬೇಕು. ಆ ಎಪಾಕ್ಸಿಯಾದರೋ ಚಳಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ! ಬಿಡುವು ಸಿಗುವುದು ಚಳಿಗಾಲದಲ್ಲಿ, ಬಣ್ಣ ಕೇಳುವುದು ಬೆಚ್ಚನೆಯ ಹವೆಯನ್ನು. ಹೀಗಾಗಿ ವಸಂತದ ಮೊದಲ ಒಣದಿನಗಳಲ್ಲಿ ಓಣಿಯ ತುಂಬ ಒಂದೇ ಬಣ್ಣದ ವಾಸನೆ.

ಬಣ್ಣದ ಮಾತು ಮೇಲುಮೇಲಿನದು. ನಿಜವಾದ ಅಂಜಿಕೆ ಬೋಲ್ಟುಗಳದು. ಒಳಗಿನಿಂದ ನೋಡಿದರೆ ನಟ್ಟು ದೃಢವಾಗಿಯೇ ಇರುತ್ತದೆ, ತುದಿಗಳೆರಡೂ ಗಟ್ಟಿ. ಆದರೆ ಒಡಲು ಕೀಲನ್ನು ಸೇರುವ ಸಂದಿಯಲ್ಲಿ ನೀರು ಕುಳಿತಿದ್ದರೆ ಅಲ್ಲಿ ಬೋಲ್ಟು ಸವೆದು ನಡು ಸಣ್ಣಗಾಗಿರುತ್ತದೆ. ತುಕ್ಕು ಹಿಡಿಯದೆಂದು ಹೆಸರಾದ ಉಕ್ಕು ಕೂಡ, ಗಾಳಿ ಸೋಕದೆ ತೇವ ನಿಂತಲ್ಲಿ ಗುಟ್ಟಾಗಿ ಕೊರೆದುಹೋಗುತ್ತದೆ. ಸಂದಿಯುದ್ದಕ್ಕೂ ಕೂದಲೆಳೆಯಂಥ ಬಿರುಕು, ನಟ್ಟಿನ ಬುಡದಲ್ಲಿ ಕಂದು ನೀರಿನ ಕಲೆ, ಇವು ಸೂಚನೆಗಳು. ಖಚಿತವಾಗಿ ತಿಳಿಯಬೇಕಾದರೆ ಒಂದು ಬೋಲ್ಟನ್ನಾದರೂ ಕಿತ್ತು ನೋಡಬೇಕು. 2014ರ ಮೇ ತಿಂಗಳಲ್ಲಿ ಆಂಟಿಗುವಾದಿಂದ ಸೌತಾಂಪ್ಟನ್ನಿಗೆ ಹಿಂದಿರುಗುತ್ತಿದ್ದ ‘ಚೀಕಿ ರಫೀಕಿ’ ಎಂಬ ಹಾಯಿದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿಹೋಯಿತು. ಮಗುಚಿದ ಒಡಲು ಸಿಕ್ಕಿತು. ಅದರಲ್ಲಿದ್ದ ನಾಲ್ವರು ಸಿಗಲಿಲ್ಲ. ಅಂದಿನಿಂದ ಎಷ್ಟೋ ಅಂಗಳಗಳಲ್ಲಿ ‘ಮುಂದಿನ ವರ್ಷ ನೋಡೋಣ’ ಎಂಬ ಮಾತಿಗೆ ಮೊದಲಿನ ಧೈರ್ಯವಿಲ್ಲ.

ಬೋಲ್ಟು ಕೀಳುವುದು ಒಬ್ಬನಿಂದಾಗುವ ಕೆಲಸವಲ್ಲ. ಮೊದಲು ದೋಣಿಯ ಒಡಲಿಗೆ ಆನಿಕೆಗಳನ್ನು ಕೊಟ್ಟು ಕೀಲಿನ ಅಡಿಗೂ ದಿಮ್ಮಿಗಳನ್ನು ತುಂಬಬೇಕು. ಅದು ಜಾರಿದರೆ ಕೆಳಗಿದ್ದವನ ಕಾಲು ಉಳಿಯದು. ಅನಂತರ ಮಡದಿಯೋ ಮಗನೋ ದೋಣಿಯೊಳಗೆ ಬಗ್ಗಿ ಪಾನಾ ಹಿಡಿಯಬೇಕು. ಯಜಮಾನ ಕೆಳಗೆ ಹುಲ್ಲಿನ ಮೇಲೆ ಮಲಗಿರಬೇಕು. ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕಾದುದೂ ಉಂಟು. ಕೊನೆಗೆ ಬೋಲ್ಟು ಹೊರಬಂದಾಗ ಅದನ್ನು ಚಿಂದಿಯಿಂದ ಒರೆಸಿ, ಅಡುಗೆಮನೆಯ ಬೆಳಕಿಗೆ ಒಯ್ದು, ಮನೆಮಂದಿಯೆಲ್ಲ ನೋಡುತ್ತಾರೆ. ನಡು ಸಣ್ಣಗಾಗಿದ್ದರೆ ಉಳಿದವನ್ನೂ ಒಂದೊಂದಾಗಿ ಕಿತ್ತು ಹೊಸದನ್ನು ಕೂಡಿಸಬೇಕು. ಆ ವರ್ಷದ ಬೇಸಿಗೆಯ ಅರ್ಧ ಹೋದಂತೆಯೇ. ದೃಢವಾಗಿದ್ದರೆ ಕಿತ್ತ ಶ್ರಮ ದಂಡವಾಯಿತೆಂದು ಯಾರೂ ಗೊಣಗುವುದಿಲ್ಲ.

ಸಂದಿಗೆ ಹೊಸ ಅಂಟು ತುಂಬಿ, ನಟ್ಟು ಬಿಗಿದು, ಪಾಚಿ ಚಿಪ್ಪುಗಳು ಹತ್ತದಂಥ ಬಣ್ಣ ಬಳಿದ ಮೇಲೆ ದೋಣಿಯನ್ನು ಗಾಡಿಯ ಮೇಲೇರಿಸಿ ದೊಡ್ಡ ಉಬ್ಬರದ ದಿನ ನೀರಿಗಿಳಿಸುತ್ತಾರೆ. ನೆರೆಯವರು ಹಗ್ಗ ಹಿಡಿಯಲು ಬಂದಿರುತ್ತಾರೆ. ದೋಣಿ ತೇಲುತ್ತಲೇ ಯಜಮಾನ ಒಳಗಿಳಿದು, ನೆಲಹಲಗೆಯನ್ನೆತ್ತಿ, ಒಣಗಿದ ಕೈಯನ್ನು ಪ್ರತಿಯೊಂದು ನಟ್ಟಿನ ಬುಡಕ್ಕೂ ಒತ್ತಿ ನೋಡುತ್ತಾನೆ. ಮೇಲಿನವರು ಏನೂ ಕೇಳದೆ ಕಾಯುತ್ತಿರುತ್ತಾರೆ.