ಮೋತಿಯ ಗುಳಿಗೆ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ನಾವು ಬರೆಯುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯವನ್ನು ಹಿಂದೆ ಸಾಕಷ್ಟು ಬರೆದಿದ್ದೇವೆ. ಈ ವರ್ಷ ನಮ್ಮ ಮನಸ್ಸನ್ನು ಹಲವು ವಾರ ಕಾಡಿದ್ದು ಒಂದು ಗುಳಿಗೆ. ಅದೂ ನಮ್ಮದಲ್ಲ, ನಾಯಿಯದು.

ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಮೋತಿ ಎಂಬ ನಾಯಿ ಇದೆ. ಜಾತಿವಂತ ನಾಯಿಯೇನಲ್ಲ. ನಾಲ್ಕು ವರ್ಷಗಳ ಹಿಂದೆ ಮಳೆಯಲ್ಲಿ ನೆನೆದು ಕಟ್ಟೆಯ ಬದಿಗೆ ಬಂದು ಮಲಗಿದ ಮರಿ, ಹಾಗೆಯೇ ಉಳಿದುಕೊಂಡಿತು. ಕಳೆದ ಶ್ರಾವಣದಲ್ಲಿ ಅದರ ಮೈತುಂಬ ಚಿಗಟವಾದವು. ನಮ್ಮಲ್ಲಿ ಅರ್ಧ ಜನ ಚಿಗಟವನ್ನು ಮರಾಠಿಯ ಪಿಸೂ ಎಂದೇ ಕರೆಯುತ್ತಾರೆ. ಗೋಚೀಡ ಎಂದರೆ ನಮ್ಮ ಉಣ್ಣೆ, ಅದು ಬೇರೆ ಜೀವಿ. ಎರಡೂ ಒಂದೇ ಎಂದು ತಿಳಿದವರು ಎರಡೂ ಭಾಷೆಗಳಲ್ಲಿ ಇದ್ದಾರೆ. ಮೋತಿ ಬಾಲದ ಬುಡವನ್ನು ಕಚ್ಚಿ ಕಚ್ಚಿ ಕೂದಲುದುರಿ ಹಸಿ ಗಾಯವಾಯಿತು. ಪಂಚಮಿಗೆ ತವರಿಗೆ ಬಂದ ಮಗಳ ಕೂಸಿನ ಕಾಲುಗಳಲ್ಲಿಯೂ ಕೆಂಪು ಗುಳ್ಳೆಗಳೆದ್ದವು. ಪುಣೆಯಲ್ಲಿ ನೌಕರಿಯಲ್ಲಿರುವ ಹಿರಿಯ ಮೊಮ್ಮಗ ಸುದ್ದಿ ತಿಳಿದು ಅಂಚೆಯಲ್ಲಿ ಒಂದು ಡಬ್ಬಿ ಕಳಿಸಿ, ಫೋನು ಮಾಡಿದ: “ಮುತ್ಯಾ, ಒಂದ ಗುಳಗಿ ತಿನ್ನಸ್ರಿ ಸಾಕ್. ಮೂರ್ ತಿಂಗಳ ಚಿಂತಿ ಇಲ್ಲ.”

ಆ ಡಬ್ಬಿ ಹದಿನೆಂಟು ದಿನ ನಮ್ಮ ಪುಸ್ತಕದ ಕಪಾಟಿನಲ್ಲಿಯೇ ಇತ್ತು.

ಕಾರಣ ಹಳೆಯದು. ೧೯೮೪ರ ಬೇಸಿಗೆಯಲ್ಲಿ, ನಾವಿನ್ನೂ ಸಹಶಿಕ್ಷಕರಾಗಿದ್ದಾಗ, ನಮ್ಮಲ್ಲಿ ರಾಜಾ ಎಂಬ ನಾಯಿ ಇತ್ತು. ಅದಕ್ಕೂ ಚಿಗಟ ಬಿದ್ದಿದ್ದವು. ಹೊಲಕ್ಕೆ ತಂದಿಟ್ಟ ಬಿ.ಎಚ್.ಸಿ. ಪುಡಿಯನ್ನು ನಾಯಿಗೂ ಎಮ್ಮೆಗೂ ಉದುರಿಸುವುದು ಆಗ ಊರಿನ ರೂಢಿ. ಪದವೀಧರರಾದ ನಾವೂ ಎರಡು ಮುಷ್ಟಿ ಪುಡಿಯನ್ನು ಅದರ ಬೆನ್ನಿಗೆ ತಿಕ್ಕಿದೆವು. ನಾಯಿ ತನ್ನ ಮೈಯನ್ನು ತಾನು ನೆಕ್ಕುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಸಂಜೆಗೆ ನಡುಕ, ರಾತ್ರಿ ಬಾಯಲ್ಲಿ ನೊರೆ, ಸೆಳೆತ. ಬೆಳಗಿನ ಜಾವಕ್ಕೆ ರಾಜಾ ಇರಲಿಲ್ಲ. ಮಕ್ಕಳಿಗೆ ಹಾವು ಕಚ್ಚಿತೆಂದು ಹೇಳಿದೆವು. ಬಿ.ಎಚ್.ಸಿ. ನಮ್ಮ ದೇಶದಲ್ಲಿ ನಿಷೇಧವಾದದ್ದು ೧೯೯೭ರಲ್ಲಿ. ಆ ಸುದ್ದಿ ಓದಿದ ದಿನವೂ ಮಕ್ಕಳಿಗೆ ನಿಜ ಹೇಳುವ ಧೈರ್ಯ ನಮಗಾಗಲಿಲ್ಲ. ಈ ಲೇಖನದಿಂದಲೇ ಅವರಿಗೆ ತಿಳಿಯಲಿ.

ಹೀಗಿರುವಾಗ ಬೆನ್ನಿಗೆ ಹಚ್ಚುವುದಲ್ಲ, ಹೊಟ್ಟೆಗೇ ಹಾಕುವ ಕೀಟನಾಶಕವೆಂದರೆ ನಮ್ಮ ಕೈ ಹೇಗೆ ಮುಂದಾದೀತು? ಆದರೆ ಓದದೆ ಹೆದರುವುದು ಮಾಸ್ತರರಿಗೆ ಶೋಭಿಸುವುದಿಲ್ಲವೆಂದು, ಡಬ್ಬಿಯೊಳಗಿನ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದೆವು. ಉಳಿದುದನ್ನು ಮೊಮ್ಮಗನಿಂದ ತರಿಸಿಕೊಂಡೆವು. ಗುಳಿಗೆಯಲ್ಲಿರುವುದು ಫ್ಲುರಾಲನರ್. ಅಫಾಕ್ಸೊಲನರ್, ಸರೊಲನರ್ ಮೊದಲಾದವು ಅದರ ಒಡಹುಟ್ಟುಗಳು. ೨೦೧೩–೧೪ರಿಂದೀಚೆಗೆ ಬಳಕೆಗೆ ಬಂದವು. ಗುಳಿಗೆ ರಕ್ತದಲ್ಲಿ ಬೆರೆಯುತ್ತದೆ. ಚಿಗಟ ಕಚ್ಚಿ ರಕ್ತ ಹೀರಿದರೆ ಸಾಯುತ್ತದೆ. ಕಚ್ಚುವ ಮೊದಲೇ ಓಡಿಸುವ ಗುಣ ಅದಕ್ಕಿಲ್ಲ. ನರಗಳಿಗೆ ಕಡಿವಾಣದಂತಿರುವ ಒಂದು ಬಾಗಿಲನ್ನು ಅದು ಮುಚ್ಚಿಬಿಡುತ್ತದೆ, ಕಡಿವಾಣವಿಲ್ಲದ ನರ ಕೆರಳಿ ಕೀಟ ಸಾಯುತ್ತದೆ.

ಇಲ್ಲಿಯೇ ನಾವು ಓದುವುದನ್ನು ನಿಲ್ಲಿಸಿ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆವು. ರಾಜಾನನ್ನು ಕೊಂದ ಪುಡಿ ಮುಚ್ಚುತ್ತಿದ್ದುದೂ ಅದೇ ಬಾಗಿಲನ್ನೇ! ಭೇದವಿರುವುದು ಹಿಡಿತದಲ್ಲಿ. ಹಳೆಯ ಪುಡಿಗೆ ಕೀಟವೂ ನಾಯಿಯೂ ಬಹುಮಟ್ಟಿಗೆ ಸಮಾನ. ಹೊಸ ಗುಳಿಗೆ ಕೀಟದ ನರವನ್ನು ಬಿಗಿಯಾಗಿ ಹಿಡಿಯುತ್ತದೆ, ನಾಯಿಯ ನರವನ್ನು ಬಹಳ ಸಡಿಲವಾಗಿ. ಸಡಿಲವೆಂದರೆ ಸೊನ್ನೆಯೆಂದಲ್ಲ. ೨೦೧೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್.ಡಿ.ಎ. ಸಂಸ್ಥೆ ಈ ಗುಂಪಿನ ಔಷಧಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು: ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಮೂರ್ಛೆ ಕಂಡುಬಂದಿವೆ, ಹಿಂದೆಂದೂ ಮೂರ್ಛೆ ಬಾರದ ನಾಯಿಗೂ ಬರಬಹುದು. ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತವೆಂದೂ ಅದೇ ಸಂಸ್ಥೆ ಹೇಳಿತು. ಎರಡು ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡು ನಿದ್ರೆ ಮಾಡುವುದು ಎಪ್ಪತ್ತರ ವಯಸ್ಸಿನಲ್ಲಿ ಸುಲಭವಲ್ಲ.

ಇನ್ನೊಂದು ತಟ್ಟೆಯಲ್ಲಿ ಇದ್ದದ್ದೂ ಹಗುರವಲ್ಲ. ಮೋತಿಯ ಗಾಯ ಕೀವುಗಟ್ಟುತ್ತಿತ್ತು. ಚಿಗಟವನ್ನು ನುಂಗಿದ ನಾಯಿಗೆ ಲಾಡಿಹುಳು ಬರುತ್ತದೆ. ಕೈತಪ್ಪಿ ಚಿಗಟ ನುಂಗಿದ ಎಳೆಯ ಮಗುವಿಗೂ ಬರುತ್ತದೆ. ಮಗಳ ಕೂಸು ಅಂಬೆಗಾಲಿಡುವುದು ಮೋತಿ ಮಲಗುವ ಗೋಣಿತಟ್ಟಿನ ಪಕ್ಕದಲ್ಲಿಯೇ. ಕೊನೆಗೆ ಕೊಡುವುದೆಂದೇ ನಿಶ್ಚಯಿಸಿದೆವು. ಗುಳಿಗೆಯ ಪ್ರಮಾಣ ತೂಕಕ್ಕೆ ತಕ್ಕಂತೆ. ಹತ್ತರಿಂದ ಇಪ್ಪತ್ತು ಕಿಲೋ ನಾಯಿಗೆ ೫೦೦ ಮಿಲಿಗ್ರಾಂ. ಜೋಳ ತೂಗುವ ಅಡತಿ ಅಂಗಡಿಯ ಕಾಟಾದ ಮೇಲೆ ಮೋತಿಯನ್ನು ಎತ್ತಿಕೊಂಡು ನಿಂತೆವು: ೭೯ ಕಿಲೋ. ಇಳಿಸಿ ಒಬ್ಬರೇ ನಿಂತೆವು: ೬೨. ವ್ಯವಕಲನ ಸರಿಯಾಗಿದೆಯೇ ಎಂದು ಹಮಾಲರು ನಗುತ್ತ ನಮಗೇ ಪರೀಕ್ಷೆ ಇಟ್ಟರು.

ಮೊದಲು ಒಂದು ಮಾತು ಕೇಳಿಬಿಡೋಣವೆಂದು ಸೊಲ್ಲಾಪುರದ ಪಶುವೈದ್ಯರಲ್ಲಿಗೆ ಹೋದೆವು. ಜೊತೆಗೆ ನಮ್ಮ ಮನೆಯವರೂ ಬಂದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಸರ್, ಇದಕ್ಕ ಎಂದಾದ್ರೂ ಫಿಟ್ಸ್ ಬಂದಿತ್ತೇನ್ರಿ?”

“ಇಲ್ಲ,” ಎಂದೆವು.

“ಇಲ್ಲ ಅಂತೀರಲ್ರಿ?” ಎಂದರು ನಮ್ಮ ಮನೆಯವರು. “ಹೋದ ದೀಪಾವಳಿ ರಾತ್ರಿ ಕಾಲ ಸೆಟದು ಬಿದ್ದಿದ್ದಿಲ್ಲೇನ್ರಿ? ನೀವ ನೀರ ಹೊಡದ್ರಿ.”

ನಿಜ. ಪಟಾಕಿಯ ಸದ್ದಿಗೆ ಹೆದರಿತೆಂದು ಅಂದೇ ನಾವು ತೀರ್ಮಾನಿಸಿ ಮರೆತಿದ್ದೆವು. ಮರೆತಿದ್ದೆವೆನ್ನುವುದೂ ಪೂರ್ತಿ ಸತ್ಯವಲ್ಲ. ಹದಿನೆಂಟು ದಿನ ತೂಗಿ ಮುಟ್ಟಿದ ನಿರ್ಧಾರ, ಕಾಟಾದ ಲೆಕ್ಕ, ಎಲ್ಲವೂ ಆ ಅರ್ಧ ನಿಮಿಷದ ನೆನಪಿನಿಂದ ಕೆಡುತ್ತಿತ್ತು. ವಿದ್ಯಾರ್ಥಿ ಉತ್ತರಕ್ಕೆ ಹೊಂದುವಂತೆ ಲೆಕ್ಕದ ನಡುವಿನ ಸಾಲನ್ನು ಅಳಿಸಿದರೆ ನಾವು ಕಿವಿ ಹಿಂಡುತ್ತಿದ್ದೆವು.

ವೈದ್ಯರು ಬೈಯಲಿಲ್ಲ. ಪಟಾಕಿಯೋ ಅಪಸ್ಮಾರವೋ ಈಗ ಹೇಳಲಾಗದು. ಆದರೆ ಸಂಶಯವಿರುವ ನಾಯಿಗೆ ಹನ್ನೆರಡು ವಾರ ರಕ್ತದಲ್ಲಿ ಉಳಿಯುವ ಔಷಧ ಬೇಡ, ಒಮ್ಮೆ ನುಂಗಿಸಿದ ಮೇಲೆ ಹೊರತೆಗೆಯುವ ಉಪಾಯವಿಲ್ಲ ಎಂದರು. ಕತ್ತಿನ ಹಿಂದೆ ತೊಟ್ಟಿಕ್ಕುವ ಬೇರೆ ಜಾತಿಯ ಔಷಧವನ್ನೂ ಗಾಯಕ್ಕೆ ಮುಲಾಮನ್ನೂ ಬರೆದುಕೊಟ್ಟರು. ನಾಯಿಯ ಮೈಮೇಲೆ ಕಾಣುವ ಚಿಗಟ ಸಂಸಾರದ ಸಣ್ಣ ಪಾಲು ಮಾತ್ರ. ಮೊಟ್ಟೆ, ಮರಿ, ಗೂಡುಗಟ್ಟಿದ ಹುಳು ಎಲ್ಲವೂ ನೆಲದ ಬಿರುಕಿನಲ್ಲಿ, ಹಾಸಿಗೆಯಲ್ಲಿ ಇರುತ್ತವೆ ಎಂದೂ ತಿಳಿಸಿದರು. ಗೋಣಿತಟ್ಟನ್ನು ಸುಟ್ಟೆವು, ಹೊದಿಕೆಗಳನ್ನು ಕುದಿಸಿದೆವು, ಕಟ್ಟೆಯ ಸಂದುಗಳನ್ನು ಗಾರೆಯಿಂದ ಮುಚ್ಚಿಸಿದೆವು.

ಮೊಮ್ಮಗನ ಗುಳಿಗೆ ವ್ಯರ್ಥವಾಗಲಿಲ್ಲ. ಪಕ್ಕದ ಮನೆಯ ಕಾಳ್ಯಾನನ್ನು ಅದೇ ಕಾಟಾದ ಮೇಲೆ ತೂಗಿ, ಅದೇ ಪ್ರಶ್ನೆಯನ್ನು ಮನೆಮಂದಿಗೆಲ್ಲ ಎರಡೆರಡು ಸಲ ಕೇಳಿ, ವೈದ್ಯರ ಒಪ್ಪಿಗೆ ಪಡೆದು, ರೊಟ್ಟಿಯೊಂದಿಗೆ ತಿನ್ನಿಸಿದರು. ಆ ರಾತ್ರಿ ನಾವು ಎರಡು ಬಾರಿ ಟಾರ್ಚು ಹಿಡಿದು ಗೋಡೆಯಾಚೆ ಇಣುಕಿದೆವು. ಕಾಳ್ಯಾ ಸುಖವಾಗಿ ನಿದ್ರಿಸುತ್ತಿತ್ತು. ಮರುದಿನ ಅದರ ಮೈಯಲ್ಲಿ ಜೀವಂತ ಚಿಗಟ ಹುಡುಕಿದರೂ ಸಿಗಲಿಲ್ಲ.

ಮೋತಿಯದು ನಿಧಾನದ ದಾರಿ. ದಿನವೂ ಸಂಜೆ ಕಟ್ಟೆಯ ಮೇಲೆ ಕುಳಿತು ಸಣ್ಣ ಹಲ್ಲಿನ ಬಾಚಣಿಗೆಯಿಂದ ಅದರ ಮೈ ಬಾಚುತ್ತೇವೆ. ಸಿಕ್ಕ ಚಿಗಟಗಳನ್ನು ಸಾಬೂನು ನೀರಿನ ಬಟ್ಟಲಿಗೆ ಹಾಕಿ ಎಣಿಸಿ, ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಮೊದಲ ದಿನ ೪೧. ನಿನ್ನೆ ೩. ಇಂದು ಸಂಜೆ ಇನ್ನೂ ಬಾಚಿಲ್ಲ. ಮೋತಿ ಬಂದು ಕಾಲಬಳಿ ಕುಳಿತಿದೆ.