ಸೇಬಿನ ನಾಡಿನಲ್ಲೊಂದು ಸಂಜೆ

ನಮ್ಮ ಕಡೆ ಸೇಬು ಎಂದರೆ ಕಾಯಿಲೆಯವರ ಹಣ್ಣು. ಆಸ್ಪತ್ರೆಗೆ ನೋಡಲು ಹೋಗುವಾಗ ಒಂದು ಬ್ರೆಡ್ಡು, ನಾಲ್ಕು ಸೇಬು, ಇದು ವಾಡಿಕೆ. ಅಂಗಡಿಯಲ್ಲಿ ಫಳಫಳ ಹೊಳೆಯುವುದನ್ನೇ ಆರಿಸಿ, ಒಂದು ಕಲೆ ಕಂಡರೂ "ಇದು ಬೇಡಪ್ಪಾ" ಎಂದು ಪಕ್ಕಕ್ಕಿಡುತ್ತಿದ್ದವಳು ನಾನು. ಆ ಅಭ್ಯಾಸ ತಪ್ಪಿದ್ದು ಹಿಮಾಚಲದ ಥಾನೇಧಾರದಲ್ಲಿ.

ಶಿಮ್ಲಾದಿಂದ ನಾರ್ಕಂಡಾ ದಾಟಿ ಸುಮಾರು 80 ಕಿಲೋಮೀಟರ್ ದೂರದ ಊರು. ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ನಿಂತು ಆಕಾಶ ತೊಳೆದಿಟ್ಟಂತಿದ್ದ ಶರತ್ಕಾಲದಲ್ಲಿ. ತಿರುವುಗಳಲ್ಲಿ ಹೊಟ್ಟೆ ತೊಳಸಿ, ನಾನು ನಿಂಬೆಹಣ್ಣು ಮೂಸುತ್ತಲೇ ಕೂತಿದ್ದೆ. ಎದುರಿಗೆ ಸಾಲುಸಾಲು ಸೇಬಿನ ಲಾರಿಗಳು. ಕೆಳಗೆ ಆಳದಲ್ಲಿ ಸಟ್ಲೆಜ್ ನದಿ. ತಗ್ಗಿನ ತೋಟಗಳ ಕೊಯ್ಲು ಮುಗಿದಿತ್ತು. ಮೇಲಿನವುಗಳಲ್ಲಿ ಇನ್ನೂ ನಡೆದಿತ್ತು.

ಈ ಸೇಬಿನ ಕತೆಯೇ ಸ್ವಾರಸ್ಯ. 1904ರಲ್ಲಿ ಅಮೆರಿಕದಿಂದ ಕುಷ್ಠರೋಗಿಗಳ ಸೇವೆಗೆಂದು ಬಂದ ಸ್ಯಾಮ್ಯುಯಲ್ ಸ್ಟೋಕ್ಸ್ ಎಂಬ ಯುವಕ ಇಲ್ಲೇ ನೆಲೆನಿಂತ. ಇಲ್ಲಿಯ ಹುಡುಗಿಯನ್ನೇ ಮದುವೆಯಾದ. 1916ರಲ್ಲಿ ತನ್ನ ದೇಶದಿಂದ ರೆಡ್ ಡಿಲಿಷಸ್ ಸಸಿಗಳನ್ನು ತಂದು ನೆಟ್ಟ. ಇಂಗ್ಲಿಷರು ಮೊದಲೇ ಬೆಳೆಸಿದ್ದ ಸೇಬು ಹುಳಿ. ಇದು ಸಿಹಿ, ನೋಡಲೂ ಚೆಂದ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದ ಸ್ಟೋಕ್ಸ್ 1932ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದರಾದರು. ಬಡಬೆಟ್ಟದ ಜನಕ್ಕೆ ಅನ್ನ ಕೊಟ್ಟಿದ್ದು ಅವರು ತಂದ ಆ ಸಸಿ.

ನಾವು ಉಳಿದಿದ್ದು ತೋಟದ ಮನೆಯೊಂದರಲ್ಲಿ. ಮನೆಯಾಕೆ ಜಗಲಿಯಲ್ಲಿ ಹಣ್ಣು ವಿಂಗಡಿಸುತ್ತಿದ್ದರು. ಪಕ್ಕದ ಬುಟ್ಟಿಯ ತುಂಬ ಕಂದು ಗುಳಿ ಬಿದ್ದ ಸೇಬುಗಳು. "ಹುಳುಕೇ?" ಎಂದೆ, ನನ್ನ ಹರುಕು ಹಿಂದಿಯಲ್ಲಿ. "ಇಲ್ಲ ಬೆಹನ್‌ಜೀ, ಆಲಿಕಲ್ಲು. ಕಾಯಿ ಗೋಲಿಯಷ್ಟಿದ್ದಾಗ ಕಾಲುಗಂಟೆ ಬಿತ್ತು, ಅಷ್ಟೇ. ರುಚಿಗೇನೂ ಕಮ್ಮಿಯಿಲ್ಲ. ಆದರೆ ಇದಕ್ಕೆ ಬೆಲೆ ಬರೋಲ್ಲ." ವರ್ಷವಿಡೀ ದುಡಿದದ್ದು ಕಾಲುಗಂಟೆಯಲ್ಲಿ! ಮರಗಳ ಮೇಲೆ ಬಲೆ ಹೊದಿಸಬಹುದು, ಅದಕ್ಕೂ ಹಣ ಬೇಕು. ಚಳಿಗಾಲದಲ್ಲಿ ಸಾಕಷ್ಟು ಚಳಿ ಬೀಳದಿದ್ದರೆ ಹೂವೂ ಸರಿಯಾಗಿ ಕಟ್ಟದಂತೆ. "ನಿಮ್ಮೂರಲ್ಲಿ ಕಲೆಯಿರೋದನ್ನ ಕೊಳ್ತಾರಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ.

ಸಂಜೆ ಅದೇ ಬುಟ್ಟಿಯಿಂದ ನಾಲ್ಕು ಹಣ್ಣು ತೆಗೆದು ಸಿಹಿ ಮಾಡಿದರು. ಹೆಸರು ಕ್ರಂಬಲ್. ಮೊಟ್ಟೆ ಬೇಡ, ಲಟ್ಟಿಸುವ ಕೆಲಸವೂ ಇಲ್ಲ.

ಸಿಪ್ಪೆ, ಬೀಜ, ಗುಳಿಬಿದ್ದ ಭಾಗ ತೆಗೆದು ಹಣ್ಣನ್ನು ಹೋಳು ಮಾಡಿ, ಅರ್ಧ ನಿಂಬೆಹಣ್ಣಿನ ರಸ, ಎರಡು ಚಮಚ ಸಕ್ಕರೆ, ಚಿಟಿಕೆ ಚಕ್ಕೆಪುಡಿ ಬೆರೆಸಿ ತಟ್ಟೆಯಲ್ಲಿ ಹರಡಬೇಕು. ಕೆಂಪು ಸೇಬು ಬರೀ ಸಿಹಿಯಾದ್ದರಿಂದ ನಿಂಬೆ ಬಿಡಬೇಡಿ. ಒಂದು ಬಟ್ಟಲು ಗೋಧಿಹಿಟ್ಟು, ಅರ್ಧ ಬಟ್ಟಲು ಬೆಲ್ಲದ ಪುಡಿ, ಚಿಟಿಕೆ ಉಪ್ಪಿಗೆ ಕಾಲು ಬಟ್ಟಲಿಗಿಂತ ಸ್ವಲ್ಪ ಹೆಚ್ಚು ತಣ್ಣನೆ ಬೆಣ್ಣೆ ಹಾಕಿ, ಬೆರಳ ತುದಿಯಲ್ಲೇ ತಿಕ್ಕಿ. ದಪ್ಪ ರವೆಯಂತಾದರೆ ಸಾಕು, ಕಲಸಿ ಮುದ್ದೆ ಮಾಡಬಾರದು. ಹೋಳಿನ ಮೇಲೆ ಉದುರಿಸಿ ಓವನ್‌ನಲ್ಲಿ 180 ಡಿಗ್ರಿಯಲ್ಲಿ 35–40 ನಿಮಿಷ. ಮೇಲೆ ಕೆಂಪಾಗಿ, ಅಂಚಿನಲ್ಲಿ ರಸ ಕುದಿಯುತ್ತಿದ್ದರೆ ಆಯಿತು.

ಓವನ್ ಇಲ್ಲದವರು ಚಿಂತಿಸಬೇಡಿ, ನನ್ನಲ್ಲೂ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದಂಗುಲ ಮರಳು ಹಾಕಿ ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಹೀಗೆ ಮಾಡಿದರೆ ಮೇಲ್ಭಾಗ ಕೆಂಪಾಗದು. ಆದ್ದರಿಂದ ಹಿಟ್ಟನ್ನು ಮೊದಲೇ ಘಮ್ಮೆನ್ನುವಂತೆ ಹುರಿದು, ಪೂರ್ತಿ ಆರಿಸಿ, ಆಮೇಲೆ ಬೆಣ್ಣೆ ತಿಕ್ಕಿ. ಇದು ಎರಡು ಸಲ ಕೆಡಿಸಿ ಕಲಿತ ಪಾಠ! ತಂದಿಟ್ಟು ಹಿಟ್ಟುಹಿಟ್ಟಾದ ಸೇಬೂ ಇದಕ್ಕಾಗುತ್ತದೆ.

ಊರಿಗೆ ಬಂದ ಮೇಲೆ ಹಣ್ಣಿನಂಗಡಿಯವನಿಗೆ "ಕಲೆಯಿರೋದನ್ನೇ ಕೊಡಪ್ಪ" ಎಂದೆ. "ಏನಮ್ಮಾ, ಹುಷಾರಾಗಿದ್ದೀರಾ?" ಎಂದ. ನೀವೂ ಕೊಳ್ಳುವಾಗ ಒತ್ತಿ ನೋಡಿ. ಮೆತ್ತಗಿದ್ದು ಒಸರುವ ಕಲೆ ಕೊಳೆತದ್ದು, ಬೇಡ. ಒಣಗಿ ಗಟ್ಟಿಯಾದ ಕಲೆ ಮರದಲ್ಲೇ ಮಾಯ್ದ ಗಾಯ. ಅದನ್ನು ಪಕ್ಕಕ್ಕಿಡಬೇಡಿ.